ಊರಿಂದಲೇ ದುಡಿಯಬೇಕೆ? ಮೊದಲು ಒಂದು ಮಳೆಗಾಲ ಇದ್ದು ನೋಡಿ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಊರು ಕೊಪ್ಪದ ಹತ್ತಿರ, ಸ್ವಲ್ಪ ಅಡಿಕೆ ತೋಟ ಇದೆ. ಕೋವಿಡ್ ಸಮಯದಲ್ಲಿ ಊರಿಂದಲೇ ಕೆಲಸ ಮಾಡಿದ್ದೆ. ಅಪ್ಪ, ಅಮ್ಮನಿಗೆ ಎಷ್ಟು ಖುಷಿಯಾಗಿತ್ತು! ಈಗ ಕಂಪನಿಯವರು ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಎನ್ನುತ್ತಿದ್ದಾರೆ. ಅಮೆರಿಕದ ಗೆಳೆಯನೊಬ್ಬ ತನ್ನ ಕಂಪನಿಯಿಂದ ಕೆಲಸ ಕೊಡಿಸುತ್ತೇನೆ ಎಂದಿದ್ದಾನೆ. ರಾಜೀನಾಮೆ ಕೊಟ್ಟು ಊರಿಗೆ ಹೋಗಿಬಿಡಲೇ? ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಮಗಳು ಎರಡನೇ ಕ್ಲಾಸ್.
– ಹೆಸರು ಬೇಡ, ಬೆಂಗಳೂರು

ಉತ್ತರ: ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ಸಾಗರದ ಕಡೆಯ ಹಳ್ಳಿಯಲ್ಲಿ ಕೂತು ಹೊರದೇಶದ ಕಂಪನಿಗಳಿಗೆ ಯಂತ್ರಗಳ ಕೈಪಿಡಿ ಬರೆದು ಬದುಕುತ್ತಿರುವವಳು. ವಯಸ್ಸಾದ ಅಪ್ಪ, ಅಮ್ಮನ ಜೊತೆ ದಿನಾ ಊಟ ಮಾಡುವುದು ದೊಡ್ಡ ಭಾಗ್ಯ. ಹೋಗಿ. ಆದರೆ ರಾಜೀನಾಮೆ ಪತ್ರ ಎಲ್ಲಕ್ಕಿಂತ ಕೊನೆಗೆ ಬರಲಿ.

ಮೊದಲು ನಿಮ್ಮ ಗೆಳೆಯನ ಮಾತು. ಅವರು ಒಳ್ಳೆಯವರೇ ಇರಬಹುದು. ಆದರೆ ಒಬ್ಬರೇ ಕೆಲಸ ಕೊಡುವವರು, ಅವರು ಹೇಳಿದ ಹೊತ್ತಿಗೆ ಕೆಲಸ, ಬೇಡ ಎಂದ ದಿನ ಮುಗಿಯಿತು ಎಂದಾದರೆ ಅದು ನೌಕರಿಯೇ. ಪಿಎಫ್ ಇಲ್ಲದ, ಗ್ರಾಚ್ಯುಟಿ ಇಲ್ಲದ, ಆರೋಗ್ಯ ವಿಮೆ ಇಲ್ಲದ, ಸಂಬಳದ ರಜೆ ಇಲ್ಲದ ನೌಕರಿ. ಎಲ್ಲಿ ಬೇಕಾದರೂ ಇರುವ ಸ್ವಾತಂತ್ರ್ಯ ಬೇಕೆಂದರೆ ಸಂಪಾದನೆ ಒಬ್ಬರ ಮೇಲೇ ನಿಂತಿರಬಾರದು. ಕಡೇ ಪಕ್ಷ ಇಬ್ಬರು, ಮೂವರು ಇರಲಿ, ಅವರು ಒಂದೇ ಕಂಪನಿಯವರಾಗಿರಬಾರದು. ಎರಡು ವರ್ಷ ಬಿಡದೆ ಕೆಲಸ ಕೊಟ್ಟ ಕಂಪನಿಯೊಂದು ಒಂದು ಶುಕ್ರವಾರ ಎರಡು ಸಾಲಿನ ಮೇಲ್ ಕಳಿಸಿ ನನ್ನ ಕೆಲಸ ನಿಲ್ಲಿಸಿತು. ಆ ತಿಂಗಳು ಮನೆ ನಡೆದದ್ದು ಉಳಿದ ಇಬ್ಬರಿಂದ.

ಹಾಗಾಗಿ ಮೊದಲ ಹೆಜ್ಜೆ ನಿಮ್ಮ ಈಗಿನ ಕಂಪನಿಯಲ್ಲೇ. ಮ್ಯಾನೇಜರ್ ಹತ್ತಿರ ಬಾಯಿಮಾತಲ್ಲಿ ಬೇಡ, ಬರೆದು ಕೇಳಿ: ಪೂರ್ತಿ ಊರಿಂದ ಕೆಲಸ ಮಾಡಲು ಆಗುತ್ತದಾ, ಸಂಬಳ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಎಂದು. ಅವರು ಒಪ್ಪದಿದ್ದರೆ, ಮೊದಲಿಂದಲೂ ಮನೆಯಿಂದಲೇ ಕೆಲಸ ಮಾಡಿಸುವ ಕಂಪನಿಗಳಿಗೆ ಅರ್ಜಿ ಹಾಕಿ. ಸ್ವಂತ ಕೆಲಸ ಅದರ ನಂತರದ ದಾರಿ. ಈಗಲೇ ಸಂಜೆ ಹೊತ್ತು ಬೇರೆ ಕೆಲಸ ಮಾಡಿ ನೋಡೋಣ ಅನ್ನಿಸಿದರೆ ನಿಮ್ಮ ನೇಮಕಾತಿ ಪತ್ರ ತೆಗೆದು ಓದಿ. ಸಾಫ್ಟ್‌ವೇರ್ ಕಂಪನಿಗಳ ಪತ್ರಗಳಲ್ಲಿ ಬೇರೆ ದುಡಿಮೆ ಮಾಡಬಾರದು ಎಂಬ ಷರತ್ತು ಸಾಮಾನ್ಯ. ಒಪ್ಪಿಗೆ ಇಲ್ಲದೆ ಮಾಡಬೇಡಿ.

ಗಡಿಯಾರವನ್ನೂ ನೋಡಿ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10 ಗಂಟೆ ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 7.30, ಚಳಿಗಾಲದಲ್ಲಿ ರಾತ್ರಿ 8.30. ಕ್ಯಾಲಿಫೋರ್ನಿಯಾ ಆದರೆ ರಾತ್ರಿ 10.30 ಅಥವಾ 11.30. ಗೆಳೆಯ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದಾರೋ ಪಶ್ಚಿಮದಲ್ಲೋ ಎಂದು ನೀವು ಬರೆದಿಲ್ಲ, ಕೇಳಿಕೊಳ್ಳಿ. ಮಗಳ ಜೊತೆ ಇರಲೆಂದು ಊರಿಗೆ ಹೋಗಿ, ಅವಳು ಮಲಗುವ ಹೊತ್ತಿಗೆ ಮೀಟಿಂಗ್ ಶುರುವಾದರೆ ಏನು ಬಂತು? ಜರ್ಮನಿಯ ಬೆಳಿಗ್ಗೆ 10 ನಮಗೆ ಮಧ್ಯಾಹ್ನ 1.30 ಅಥವಾ 2.30. ನಾನು ಯುರೋಪಿನ ಕೆಲಸವನ್ನೇ ಹೆಚ್ಚು ಹಿಡಿದಿರುವುದು ಇದೇ ಕಾರಣಕ್ಕೆ. ಬೆಳಗಿನ ಹೊತ್ತು ಪೂರ್ತಿ ನನ್ನದು.

ಈಗ ಊರು. ಜನ ಡಿಸೆಂಬರಿನಲ್ಲಿ ಬಂದು ಹದಿನೈದು ದಿನ ಇದ್ದು, ನೆಟ್ ಚೆನ್ನಾಗಿದೆ, ಇಲ್ಲೇ ಇದ್ದುಬಿಡೋಣ ಅನ್ನುತ್ತಾರೆ. ನೀವು ಜುಲೈನಲ್ಲಿ ಹೋಗಿ. ರಜೆ ಮತ್ತು ಮನೆಯಿಂದ ಕೆಲಸದ ದಿನ ಎರಡೂ ಸೇರಿಸಿ ಆದಷ್ಟು ದಿನ ಇರಿ. ಅಡಿಕೆ ಮರ ಮುರಿದು ಫೈಬರ್ ಕೇಬಲ್ ಮೇಲೆ ಬಿದ್ದರೆ ಲೈನ್‌ಮನ್ ಬರುವವರೆಗೆ ಕಾಯಬೇಕು, ಅವರ ಪಟ್ಟಿಯಲ್ಲಿ ನಿಮಗಿಂತ ಮೊದಲು ಎಷ್ಟೋ ಮನೆ ಇರುತ್ತವೆ. ಮೆಸ್ಕಾಂ ಲೈನ್ ಹೋದರೆ ಇನ್ವರ್ಟರ್ ಎಷ್ಟು ತಾಸು ಎಳೆಯುತ್ತದೆ, ಮಾರನೇ ದಿನವೂ ಕರೆಂಟ್ ಬರದಿದ್ದರೆ ಏನು ಎಂದು ಅಲ್ಲೇ ಗೊತ್ತಾಗುತ್ತದೆ. ಒಂದು ಫೈಬರ್, ಜೊತೆಗೆ ಬೇರೆ ಕಂಪನಿಯ ಮೊಬೈಲ್ ಸಿಮ್ ಎರಡೂ ಬೇಕು. ಸಿಮ್ ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಹಿಡಿಯುತ್ತದೆ ಎಂದು ಮಳೆ ಸುರಿಯುವಾಗಲೇ ನೋಡಿಕೊಳ್ಳಿ. ಇನ್ನೊಂದು ಮಾತು: ಏಪ್ರಿಲ್, ಮೇ ತಿಂಗಳ ಗುಡುಗಿನಲ್ಲಿ ಮೋಡೆಮ್ ಮತ್ತು ಲ್ಯಾಪ್‌ಟಾಪ್ ಪ್ಲಗ್ ತೆಗೆದಿಡಿ. ಫೈಬರ್ ಗಾಜಿನದಾದರೂ ಸಿಡಿಲಿನ ಹೊಡೆತ ಕರೆಂಟ್ ಲೈನಿನಿಂದ ಬರುತ್ತದೆ. ಪೇಟೆಯಲ್ಲಿ, ಕೊಪ್ಪದಲ್ಲೋ ತೀರ್ಥಹಳ್ಳಿಯಲ್ಲೋ, ತುರ್ತಿಗೆ ಹೋಗಿ ಕೂರಲು ಒಂದು ಜಾಗವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಪರಿಚಯದವರ ಅಂಗಡಿಯ ಮಹಡಿಯಾದರೂ ಸಾಕು.

ಅಪ್ಪನ ಹತ್ತಿರ ಒಂದು ಮಾತು ಮೊದಲೇ ಆಗಲಿ. ಮಗ ಮನೆಯಲ್ಲೇ ಇದ್ದಾನಲ್ಲ ಎಂದು ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ದಿನ, ಅಡಿಕೆ ಗೊನೆ ಕೊಯ್ಲಿನ ದಿನ ಕರೆಯುವುದು ಸಹಜ. ನೆಂಟರು ಬಂದರೂ ಅಷ್ಟೇ. ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಎಲ್ಲರಿಗೂ ಗೊತ್ತಿರುವ ಒಂದು ವೇಳೆ ಇರಲಿ. ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲೆ ಸಂಜೆಯವರೆಗೆ ಯಾರೂ ನನ್ನನ್ನು ಕರೆಯುವುದಿಲ್ಲ. ಇದು ಅಮ್ಮನೇ ಮಾಡಿದ ನಿಯಮ. ಕೆಲಸ ಕೈಕೊಟ್ಟರೆ ತೋಟ ಇದೆಯಲ್ಲ ಎಂಬ ಲೆಕ್ಕವನ್ನೂ ಹಾಕಬೇಡಿ. ನಿಮ್ಮ ಕಡೆ ಎಲೆಚುಕ್ಕಿ ರೋಗ ತೋಟಗಳನ್ನು ಹೇಗೆ ಹಿಂಡಿದೆ ಎಂದು ನಿಮಗೇ ಗೊತ್ತು.

ಸ್ವಂತ ಕೆಲಸಕ್ಕೆ ಇಳಿದರೂ ತೆರಿಗೆ ಹೆದರುವಂಥದ್ದಲ್ಲ. ಹಳೇ ಕಾಯ್ದೆಯಲ್ಲಿ 44ಎಡಿಎ ಎಂದಿದ್ದ ಅನುಕೂಲ ಹೊಸ ಆದಾಯ ತೆರಿಗೆ ಕಾಯ್ದೆಗೂ ಬೇರೆ ನಂಬರಿನಲ್ಲಿ ಬಂದಿದೆ. ನಿಗದಿತ ವೃತ್ತಿಯವರು ಒಟ್ಟು ಬಂದ ಹಣದ ಅರ್ಧವನ್ನು ಆದಾಯ ಎಂದು ತೋರಿಸಿದರೆ ಸಾಕು, ಖರ್ಚಿನ ಚೀಟಿಗಳನ್ನು ಗುಡ್ಡೆ ಹಾಕಬೇಕಿಲ್ಲ. ಬಂದ ಹಣದಲ್ಲಿ ನಗದು ಶೇ 5 ದಾಟದಿದ್ದರೆ ವರ್ಷಕ್ಕೆ 75 ಲಕ್ಷ ರೂಪಾಯಿವರೆಗೂ ಇದು ಸಿಗುತ್ತದೆ. ನಿಮ್ಮ ಕೆಲಸ ಇದರಲ್ಲಿ ಬರುತ್ತದೆಯೇ ಎಂದು ಲೆಕ್ಕಪರಿಶೋಧಕರನ್ನು ಕೇಳಿಬಿಡಿ. ಹೊರದೇಶದವರು ಟಿಡಿಎಸ್ ಹಿಡಿಯುವುದಿಲ್ಲ. ಆದ್ದರಿಂದ ಹಣ ಬಂದ ದಿನವೇ ತೆರಿಗೆಯ ಪಾಲು ಬೇರೆ ಖಾತೆಗೆ ಹಾಕಿ, ಮುಂಗಡ ತೆರಿಗೆಯನ್ನು ಮಾರ್ಚ್ 15ರ ಒಳಗೆ ಕಟ್ಟಿ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆ ರಫ್ತಾದರೆ ಪ್ರತಿ ವರ್ಷ ಎಲ್‌ಯುಟಿ ಎಂಬ ಪತ್ರ ಸಲ್ಲಿಸಿ ಜಿಎಸ್‌ಟಿ ಕಟ್ಟದೆ ಬಿಲ್ ಮಾಡಬಹುದು. ಹೊರಗಿನಿಂದ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ಪ್ರಮಾಣಪತ್ರಗಳನ್ನು ಒಂದು ಫೈಲಿನಲ್ಲಿ ಇಡಿ.

ಮೂರು ಜನರ ಆರೋಗ್ಯ ವಿಮೆಯನ್ನು, ಅಪ್ಪ, ಅಮ್ಮನೂ ಸೇರಿದರೆ ಐದು ಜನರದ್ದನ್ನು, ಕೆಲಸ ಬಿಡುವ ಮೊದಲೇ ಮಾಡಿಸಿ. ಹಳೇ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ, ಅದು ಬೇಗ ಶುರುವಾದಷ್ಟೂ ಒಳ್ಳೆಯದು. ಆರು ತಿಂಗಳ ಮನೆ ಖರ್ಚೂ ಕೈಯಲ್ಲಿರಲಿ.

ಕೊನೆಗೆ ಒಂದು ಪ್ರಶ್ನೆ ನನ್ನಿಂದ. ನಿಮ್ಮ ಪತ್ರದಲ್ಲಿ ನಿಮ್ಮ ಹೆಂಡತಿಯ ಕೆಲಸ ಇದೆ, ಅವರ ಮಾತು ಇಲ್ಲ. ನೀವು ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಹೋಗುತ್ತೀರಿ, ಅವರಿಗೆ ಆಗುವುದಿಲ್ಲ. ಕೊಪ್ಪದಲ್ಲಿ ಅವರಿಗೆ ಶಾಲೆ ಸಿಗುತ್ತದೆಯೇ, ಅತ್ತೆ ಮನೆಯಲ್ಲಿ ವರ್ಷವಿಡೀ ಇರಲು ಅವರಿಗೆ ಇಷ್ಟವೇ? ಅವರು ಬೇಡ ಎಂದರೆ ಈ ವರ್ಷ ಹೋಗಬೇಡಿ. ಜುಲೈಗೆ ಹೋಗುವಾಗ ಅವರನ್ನೂ ಒಂದು ವಾರವಾದರೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ವಿಡಿಯೊ ಎಡಿಟರ್, 24 ವರ್ಷ. ಥಾಯ್ಲೆಂಡಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡುವ ಆಸೆ. ಟೂರಿಸ್ಟ್ ಆಗಿ ಹೋದರೆ ಸಾಕಾ? ಟೆಲಿಗ್ರಾಂನಲ್ಲಿ ಒಬ್ಬರು ಟಿಕೆಟ್, ರೂಮ್ ಎರಡೂ ನಾವೇ ಕೊಡುತ್ತೇವೆ, ಡೇಟಾ ಎಂಟ್ರಿ ಮಾಡಿದರೆ ಸಾಕು ಎನ್ನುತ್ತಿದ್ದಾರೆ.
– ಓದುಗಿ, ದಾವಣಗೆರೆ

ಉತ್ತರ: ನಿಮ್ಮ ಗಿರಾಕಿಗಳ ಕೆಲಸವನ್ನು ಅಲ್ಲಿ ಕೂತು ಮಾಡಲು ಥಾಯ್ಲೆಂಡ್ 2024ರಲ್ಲಿ ಡಿಟಿವಿ ಎಂಬ ವೀಸಾ ತಂದಿದೆ. ಐದು ವರ್ಷದ ಅವಧಿ, ಒಂದು ಸಲ ಹೋದರೆ 180 ದಿನ ಇರಬಹುದು. ಆದರೆ 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು, ನಮ್ಮ ಹಣದಲ್ಲಿ 12 ಲಕ್ಷಕ್ಕೂ ಜಾಸ್ತಿ. ಅಷ್ಟು ಕೂಡುವವರೆಗೆ ಕಾಯಿರಿ.

ಟೆಲಿಗ್ರಾಂನವರಿಗೆ ಮಾತ್ರ ದಯವಿಟ್ಟು ಉತ್ತರ ಕೊಡಬೇಡಿ, ತಾಯಿ. ಇಂಥ ಕೆಲಸದ ಹೆಸರಲ್ಲೇ ಬ್ಯಾಂಕಾಕ್‌ಗೆ ಕರೆಸಿ, ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಾಡಿಯಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆ ವಿಮಾನಗಳಲ್ಲಿ ಕರೆತರಬೇಕಾಯಿತು. ಪಾಸ್‌ಪೋರ್ಟ್ ಫೋಟೊ ಕಳಿಸಿದ್ದರೆ, ಹಣ ಕಟ್ಟಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ಚಾಟ್ ಅಳಿಸಬೇಡಿ, ಪೊಲೀಸರಿಗೆ ಅದು ಬೇಕಾಗುತ್ತದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲವಾದರೆ ಈಗಲೇ ಹೇಳಿ.