ನಂದಿ ತಪ್ಪಲಿನ ಕೆಂಪು ವೈನನ್ನು ಇನ್ನೊಮ್ಮೆ ಸವಿದು ನೋಡಿ

ನಂದಿ ಬೆಟ್ಟದ ಕಡೆಯ ವೈನರಿ ನೋಡಿ ಬಂದ ಓದುಗರೊಬ್ಬರು ಬರೆದಿದ್ದಾರೆ: ‘ಬಿಳಿ ವೈನ್ ಪರವಾಗಿಲ್ಲ. ಕೆಂಪು ಮಾತ್ರ ಬರೀ ಒಗರು, ಗಂಟಲೆಲ್ಲ ಉರಿ. ನಮ್ಮ ನೆಲಕ್ಕೆ ಅದು ಒಗ್ಗಲ್ಲ ಅಲ್ವಾ? ಮತ್ಯಾಕೆ ಅದರ ಬಗ್ಗೆ ಪುಟಗಟ್ಟಲೆ ಬರೆಯುತ್ತೀರಿ?’

ಸಂಪಾದಕರ ಉತ್ತರ:

ನಿಮ್ಮ ನಾಲಿಗೆ ಹೇಳಿದ್ದು ಸುಳ್ಳಲ್ಲ. ಆದರೆ ನೆಲವನ್ನು ದೂರುವ ಮೊದಲು ಬಾಟಲಿ ಎಷ್ಟು ಬೆಚ್ಚಗಿತ್ತು ಅಂತ ನೋಡಬೇಕು. ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಲೇಬಾರದು ಅನ್ನುವವರಿದ್ದಾರೆ. ಯುರೋಪಿನ ತಣ್ಣನೆಯ ಮನೆಗಳಿಗೆ ಆ ಮಾತು ಸರಿ. ಕೆಂಪು ವೈನಿಗೆ 16–18 ಡಿಗ್ರಿ ಹಿತ. ಬೇಸಿಗೆಯ ಬೆಂಗಳೂರಲ್ಲಿ 30 ದಾಟಿರುತ್ತದೆ.

ನಂದಿ ಕಡೆಯ ವೈನರಿ ಗ್ರೋವರ್ ಜಂಪಾದವರ ಲಾ ರಿಸರ್ವ್ ಅನ್ನುವ ಕೆಂಪು ವೈನ್ ತಂದು ನೋಡಿದೆವು. ಕ್ಯಾಬರ್ನೆ ಸೊವಿನ್ಯೋ ಮತ್ತು ಶಿರಾಜ್ ಅನ್ನುವ ಎರಡು ದ್ರಾಕ್ಷಿ ತಳಿ ಬೆರೆಸಿ ಮಾಡಿದ್ದು. ಅಂಗಡಿಯಿಂದ ತಂದ ಹಾಗೇ ಸುರಿದ ಮೊದಲ ಲೋಟದಲ್ಲಿ ಆಲ್ಕೋಹಾಲಿನ ಘಾಟೇ ಮೂಗಿಗೆ ಅಡರಿತು. ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಸುರಿದಾಗ ಮಾಗಿದ ಹಣ್ಣಿನ ಪರಿಮಳ, ಹಿಂದೆಯೇ ಕರಿಮೆಣಸು. ಒಗರು ಹೋಗಿರಲಿಲ್ಲ. ನೇರಳೆ ತಿಂದ ಮೇಲೆ ನಾಲಿಗೆ ಹಿಡಿಯುತ್ತದಲ್ಲ, ಅಂಥ ಹಿತವಾದ ಒಗರು.

ಇನ್ನು ತೋಟದ ವಿಷಯ. ಯುರೋಪಿನಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಆ ನಿದ್ದೆಯಿಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಬಳ್ಳಿಯನ್ನು ಕತ್ತರಿಸಿ ಸವರುತ್ತಾರೆ. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಸವರಿದರೆ ಮಳೆಗಾಲದಲ್ಲಿ ಬರೀ ಕಡ್ಡಿ ಬಲಿಯುತ್ತದೆ. ಮಳೆ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಮತ್ತೆ ಸವರುತ್ತಾರೆ. ಆಗ ಬಂದ ಚಿಗುರಿನಲ್ಲಿ ಗೊಂಚಲು. ಫೆಬ್ರವರಿ–ಮಾರ್ಚ್ ಸುಮಾರಿಗೆ ಕೊಯ್ಲು.

ಕಷ್ಟ ಇರುವುದೇ ಇಲ್ಲಿ. ಯುರೋಪಿನಲ್ಲಿ ಹಣ್ಣು ಮಾಗುವಾಗ ದಿನಗಳು ತಂಪಾಗುತ್ತಾ ಹೋಗುತ್ತವೆ. ಇಲ್ಲಿ ಬಿಸಿಲು ಏರುತ್ತಾ ಹೋಗುತ್ತದೆ. ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ. ಬೇಗ ಕೊಯ್ದರೆ ಕ್ಯಾಬರ್ನೆಯಲ್ಲಿ ಹಸಿ ದಪ್ಪಮೆಣಸಿನಕಾಯಿ ವಾಸನೆ, ತಡವಾದರೆ ಜಾಮಿನ ರುಚಿ. ನಂದಿಯ ಸೀಮೆಗೆ ಎತ್ತರವಿದೆ, ರಾತ್ರಿಯ ತಂಪಿದೆ. ಅದರಿಂದಲೇ ಹುಳಿ ಒಂದಿಷ್ಟು ಉಳಿಯುತ್ತದೆ. ನನ್ನ ಮಟ್ಟಿಗೆ ಈ ಬಿಸಿಲಿಗೆ ಕ್ಯಾಬರ್ನೆಗಿಂತ ಶಿರಾಜ್ ಚೆನ್ನಾಗಿ ಒಗ್ಗುತ್ತದೆ. ಹಂಪಿ ಕಡೆಯ ಕೃಷ್ಮಾ ವೈನರಿಯವರ ಕ್ಯಾಬರ್ನೆ ಕುಡಿದಾಗ ಮಾತ್ರ ಈ ಮಾತನ್ನು ಸ್ವಲ್ಪ ತಡೆದು ಹೇಳಬೇಕು ಅನ್ನಿಸುತ್ತದೆ.

ಯಾಕೆ ಬರೆಯುತ್ತೀರಿ ಅಂದಿರಿ. ಗ್ರೋವರ್ ವೈನರಿ ಕಟ್ಟಿದ ಕನ್ವಲ್ ಗ್ರೋವರ್ ಫ್ರಾನ್ಸಿನ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಜೊತೆಗಿಟ್ಟುಕೊಂಡು ದೊಡ್ಡಬಳ್ಳಾಪುರದ ಕಡೆ ಕೆಲಸ ಶುರುಮಾಡಿದ್ದು 1980ರ ದಶಕದಲ್ಲಿ. ಫ್ರಾನ್ಸಿನಲ್ಲಿ ಶತಮಾನಗಳಿಂದ ಕಲಿತದ್ದನ್ನು ನಮ್ಮವರು ಮೂರ್ನಾಲ್ಕು ದಶಕದಲ್ಲಿ ಕಲಿಯುತ್ತಿದ್ದಾರೆ. ಆ ಕಲಿಕೆ ಪ್ರತಿ ಕೊಯ್ಲಿನಲ್ಲೂ ಲೋಟದಲ್ಲಿ ಕಾಣುತ್ತದೆ. ಅದನ್ನು ಬರೆಯದೆ ಇರಲು ನನ್ನಿಂದಾಗದು.

ಒಂದು ಶಿರಾಜ್ ತನ್ನಿ. ಅಂಗಡಿಯ ಕಿಟಕಿ ಬಿಸಿಲಿಗೆ ನಿಲ್ಲಿಸಿದ ಬಾಟಲಿ ಬೇಡ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಕರಿಮೆಣಸು ಹಾಕಿದ ಮಟನ್ ಜೊತೆ ಕುಡಿದು ನೋಡಿ. ಹಸಿಮೆಣಸಿನಕಾಯಿ ಖಾರ ಜಾಸ್ತಿಯಿದ್ದರೆ ಉರಿ ಇನ್ನಷ್ಟು ಏರುತ್ತದೆ. ಆಮೇಲೆ ಮತ್ತೆ ಬರೆಯಿರಿ. ಆಗಲೂ ಇಷ್ಟವಾಗದಿದ್ದರೆ ಆ ಪತ್ರವನ್ನೂ ಹೀಗೇ ಅಚ್ಚು ಹಾಕುತ್ತೇವೆ.