ಇಫ್ ಒಳಗಿಂದ ಅರ್ಧಕ್ಕೇ ಹೊರಗೆ ಬರೋದು ಹೇಗೆ?

ಪ್ರಶ್ನೆ: ಸರ್, ನಾನು ಬಿಸಿಎ ಮೊದಲನೇ ವರ್ಷ, ಪೈಥಾನ್ ಕಲೀತಾ ಇದೀನಿ. ಕರೆಂಟ್ ಬಿಲ್ ಲೆಕ್ಕ ಹಾಕೋ ಪ್ರೋಗ್ರಾಮ್ ಬರೆದೆ. ಯೂನಿಟ್ ಮೈನಸ್ ಕೊಟ್ರೆ ಇಫ್ ಒಳಗಿಂದ ಅಲ್ಲಿಗೇ ಹೊರಗೆ ಬರ್ಲಿ ಅಂತ ಬ್ರೇಕ್ ಹಾಕಿದ್ರೆ ಎರರ್. ಆಮೇಲೆ 10 ಮನೆ, ಒಂದೊಂದಕ್ಕೂ 12 ತಿಂಗಳು ಅಂತ ಲೂಪ್ ಒಳಗೆ ಲೂಪ್ ಹಾಕಿದೆ, ಅಲ್ಲಿ ಎರರ್ ಇಲ್ಲ, ಆದ್ರೆ ತಪ್ಪು ರೀಡಿಂಗ್ ಸಿಕ್ಕಿದ್ರೂ ಪೂರ್ತಿ ನಿಲ್ಲದೆ ಮುಂದಿನ ಮನೆಗೆ ಹೋಗುತ್ತೆ. ಲ್ಯಾಬಲ್ಲಿ ಕೇಳಿದ್ರೆ ಬ್ರೇಕ್ ಹಾಕೋದೇ ತಪ್ಪು ಅಂತಾರೆ. ಏನ್ಮಾಡ್ಲಿ?

ಉತ್ತರ: ಎರಡಕ್ಕೂ ಕಾರಣ ಒಂದೇ, ಬ್ರೇಕ್ ಇಫ್‌ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ. ಸುತ್ತ ಎಷ್ಟು ಇಫ್, ಎಲ್ಸ್ ಇದ್ರೂ ಅವನ್ನೆಲ್ಲ ದಾಟಿ ತೀರಾ ಹತ್ತಿರದ ಫಾರ್ ಅಥವಾ ವೈಲ್ ಲೂಪ್ ಯಾವುದಿದೆಯೋ ಅದೊಂದನ್ನೇ ನಿಲ್ಲಿಸುತ್ತೆ. ಯಾವ ಲೂಪೂ ಇಲ್ದಿದ್ರೆ ಪ್ರೋಗ್ರಾಮ್ ಒಂದು ಲೈನ್ ಓಡೋಕೂ ಮುಂಚೆನೇ ಸಿಂಟ್ಯಾಕ್ಸ್ ಎರರ್ ಕೊಡುತ್ತೆ, ನಿಮಗೆ ಬಂದಿದ್ದು ಅದೇ. ಎರಡನೇ ಪ್ರೋಗ್ರಾಮಲ್ಲಿ ಹತ್ತಿರದ್ದು ತಿಂಗಳ ಲೂಪ್, ಅದು ನಿಲ್ತು, ಮನೆ ಲೂಪ್ ತನ್ನ ಪಾಡಿಗೆ ಮುಂದಕ್ಕೆ ಹೋಯ್ತು.

ಇದನ್ನ ಚಿಕ್ಕ ಗೊಂದಲ ಅಂತ ಬಿಡ್ಬೇಡಿ. 1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರದ ಊರಿನ ಫೋನ್ ಜಾಲ ಸುಮಾರು 9 ಗಂಟೆ ಹದಗೆಟ್ಟಿತ್ತು, ಅದಕ್ಕೆ ಕಾರಣ ಸಿ ಭಾಷೆಯ ಕೋಡಲ್ಲಿ ತಪ್ಪು ಜಾಗದಲ್ಲಿದ್ದ ಒಂದು ಬ್ರೇಕ್. ಸಿ ಭಾಷೆಲಿ ಬ್ರೇಕ್ ಲೂಪ್ ಜೊತೆಗೆ ಸ್ವಿಚ್ ಬ್ಲಾಕಿಂದಲೂ (ಒಂದು ವ್ಯಾಲ್ಯೂ ನೋಡಿ ಹಲವು ದಾರಿಲಿ ಒಂದನ್ನ ಆರಿಸೋ ಕೋಡ್) ಹೊರಗೆ ತರುತ್ತೆ. ಆ ಬ್ರೇಕ್ ಇದ್ದಿದ್ದು ಸ್ವಿಚ್ ಒಳಗಿನ ಇಫ್ ಒಳಗೆ, ಹಾಗಾಗಿ ಇಫ್ ಆದ್ಮೇಲೆ ಆಗ್ಬೇಕಿದ್ದ ಕೆಲಸ ಬಿಟ್ಟು ಸ್ವಿಚ್‌ನಿಂದಲೇ ಆಚೆ ಬಂತು. ಒಂದು ಎಕ್ಸ್‌ಚೇಂಜ್ ರೀಸೆಟ್ ಆಗಿ ವಾಪಸ್ ಬಂದು ಪಕ್ಕದವಕ್ಕೆ ಮೆಸೇಜ್ ಕಳ್ಸೋದು, ಅದ್ರಿಂದ ಅವೂ ರೀಸೆಟ್ ಆಗೋದು, ಹೀಗೆ ಒಂದ್ರಿಂದ ಒಂದಕ್ಕೆ ಹರಡಿತು, 114 ಎಕ್ಸ್‌ಚೇಂಜಲ್ಲೂ ಅದೇ ಸಾಫ್ಟ್‌ವೇರ್ ಇತ್ತು ನೋಡಿ.

ಈಗ ನಿಮ್ಮ ಕೋಡ್. ಬಿಲ್ ಲೆಕ್ಕವನ್ನ ಒಂದು ಫಂಕ್ಷನ್ ಮಾಡಿ. ಮೊದಲ ಸಾಲಲ್ಲೇ ಯೂನಿಟ್ ಸೊನ್ನೆಗಿಂತ ಕಮ್ಮಿ ಇದ್ಯಾ ನೋಡಿ, ಇದ್ರೆ ಅಲ್ಲೇ ರಿಟರ್ನ್. ರಿಟರ್ನ್ ಎಷ್ಟೇ ಇಫ್ ಒಳಗಿರ್ಲಿ, ಎಷ್ಟೇ ಲೂಪ್ ಒಳಗಿರ್ಲಿ, ಫಂಕ್ಷನ್ನಿಂದ ಸೀದಾ ಆಚೆ ಬರುತ್ತೆ. ಕೆಳಗಿನ ಲೆಕ್ಕಕ್ಕೆ ಎಲ್ಸ್ ಬೇಕಾಗಲ್ಲ, ಇಂಡೆಂಟ್ ಮಾಡ್ತಾ ಮಾಡ್ತಾ ಕೋಡ್ ಬಲಗಡೆಗೆ ಜರುಗೋದೂ ತಪ್ಪುತ್ತೆ. ಮನೆ-ತಿಂಗಳ ಲೂಪ್‌ಗೂ ಇದೇ ದಾರಿ, ಎರಡು ಲೂಪನ್ನೂ ಒಂದು ಫಂಕ್ಷನ್ ಒಳಗಿಟ್ಟು ತಪ್ಪು ರೀಡಿಂಗ್ ಸಿಕ್ಕ ಕೂಡ್ಲೇ ಮನೆ ನಂಬರ್, ತಿಂಗಳು ರಿಟರ್ನ್ ಮಾಡಿ. ಜಾವಾದಲ್ಲಿ ಹೊರಗಿನ ಲೂಪ್‌ಗೆ ಹೆಸರಿಟ್ಟು ಅದನ್ನೇ ಬ್ರೇಕ್ ಮಾಡ್ಬಹುದು. ಪೈಥಾನ್‌ಗೂ ಅದು ಬೇಕು ಅಂತ 2007ರಲ್ಲಿ ಪ್ರಸ್ತಾಪ ಬಂದಿತ್ತು, ಪೈಥಾನ್ ಸೃಷ್ಟಿಸಿದ ಗೀಡೋ ವಾನ್ ರಾಸಮ್ ಒಪ್ಪಲಿಲ್ಲ, ಅಂಥಾ ಅಗತ್ಯ ಬರೋದೇ ಅಪರೂಪ, ಬಂದ್ರೂ ಹೆಚ್ಚಿನ ಕಡೆ ರಿಟರ್ನ್‌ನಂಥ ದಾರಿ ಇದೆ ಅನ್ನೋದು ಅವರ ಕಾರಣ. ನನಗೂ ಅದೇ ಸರಿ ಅನ್ಸುತ್ತೆ.

ಲ್ಯಾಬಲ್ಲಿ ಹೇಳೋ ಮಾತನ್ನ ನಾನು ಒಪ್ಪಲ್ಲ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಗೋಟು ಅನ್ನೋ ಕಮಾಂಡ್ ಬಗ್ಗೆ ಎಚ್ಚರಿಸಿದ್ದು ನಿಜ, ಗೋಟು ಹಾಕಿದ್ರೆ ಕಂಟ್ರೋಲ್ ಎಲ್ಲಿಗೆ ಬೇಕಾದ್ರೂ ಹಾರಬಹುದು. ಬ್ರೇಕ್ ಹೋಗೋದು ಒಂದೇ ಜಾಗಕ್ಕೆ, ಆ ಲೂಪ್ ಮುಗಿದ್ಮೇಲಿನ ಸಾಲಿಗೆ. ಅದನ್ನ ತಪ್ಪಿಸೋಕೆ ಅಂತ ನಿಲ್ಲಿಸ್ಬೇಕಾ ಬೇಡ್ವಾ ಅಂತ ನೆನಪಿಟ್ಕೊಳ್ಳೋ ಮೂರು ನಾಲ್ಕು ಫ್ಲಾಗ್ ವೇರಿಯಬಲ್ ಇಟ್ಟು ಎಲ್ಲಾ ಕಡೆ ಟ್ರೂ ಫಾಲ್ಸ್ ಮಾಡೋ ಮಕ್ಕಳ ಕೋಡ್ ನೋಡಿದ್ರೆ ನಿಜಕ್ಕೂ ಬೇಜಾರಾಗುತ್ತೆ, ಅದನ್ನ ಬರೆದೋರಿಗೇ ಮಾರನೇ ದಿನ ಓದೋಕೆ ಬರಲ್ಲ.

ಕೆಲವರು ಇಫ್‌ನಿಂದ ಬರೋಕೆ ಎಕ್ಸಿಟ್ ಅಂತ ಬರೀತಾರೆ, ಅದು ಪ್ರೋಗ್ರಾಮನ್ನೇ ಮುಚ್ಚಿಬಿಡುತ್ತೆ, ಬೇಡ. ಒಂದು ತಿಂಗಳು ಮಾತ್ರ ಬಿಟ್ಟು ಮುಂದಕ್ಕೆ ಹೋಗ್ಬೇಕಂದ್ರೆ ಕಂಟಿನ್ಯೂ ಇದೆ. ವೈಲ್ ಲೂಪಲ್ಲಿ ಹುಷಾರು, ಕೌಂಟರ್‌ಗೆ ಒಂದು ಕೂಡಿಸೋ ಸಾಲು ಕಂಟಿನ್ಯೂ ಕೆಳಗಿದ್ರೆ ಅದು ನಡೆಯೋದೇ ಇಲ್ಲ, ಅದೇ ತಿಂಗಳಲ್ಲಿ ಸುತ್ತುತ್ತಾ ಇರುತ್ತೆ, ಕಂಟ್ರೋಲ್-ಸಿ ಒತ್ತಿ ನಿಲ್ಲಿಸ್ಬೇಕಾಗುತ್ತೆ.

ಇನ್ನೊಂದು, ಬರೀ ರಿಟರ್ನ್ ಅಂತ ಬರೆದ್ರೆ ವಾಪಸ್ ಬರೋದು ನನ್ (None) ಅನ್ನೋ ಖಾಲಿ ವ್ಯಾಲ್ಯೂ. ಅದನ್ನ 'ಇಫ್ ನಾಟ್ ಬಿಲ್' ಅಂತ ಚೆಕ್ ಮಾಡ್ಬೇಡಿ, ಯೂನಿಟ್ ಸೊನ್ನೆ ಇದ್ದು ಬಿಲ್ಲೂ ಸೊನ್ನೆ ಬಂದಾಗ ಪೈಥಾನ್ ಸೊನ್ನೆನೂ ಫಾಲ್ಸ್ ಅಂತಲೇ ನೋಡುತ್ತೆ, ಬೀಗ ಹಾಕಿರೋ ಮನೆಯ ಸರಿಯಾದ ರೀಡಿಂಗ್ ಕೂಡ ತಪ್ಪಿನ ಲಿಸ್ಟಿಗೆ ಸೇರ್ಕೊಳ್ಳುತ್ತೆ. 'ಬಿಲ್ ಈಸ್ ನನ್' ಅಂತಲೇ ಕೇಳಿ, ಮೈನಸ್ ಐದು, ಸೊನ್ನೆ, ನೂರು, ಮೂರೂ ಕೊಟ್ಟು ಓಡಿಸಿ ನೋಡಿ.