ಶಿಫ್ಟ್ ಕಿಟ್ ಹಾಕಿದರೆ ಗೇರ್‌ಬಾಕ್ಸ್ ಗಟ್ಟಿಯಾಗುತ್ತಾ?

ಪ್ರಶ್ನೆ: ನನ್ನ ಪಿಕಪ್ ಟ್ರಕ್‌ನಲ್ಲಿ ಜನರಲ್ ಮೋಟಾರ್ಸ್‌ನ 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಟ್ರೇಲರ್ ಕಟ್ಟಿಕೊಂಡು ಹೊರಟರೆ ಒಂದರಿಂದ ಎರಡನೇ ಗೇರ್ ಬೀಳೋದು ತುಂಬಾ ನಿಧಾನ, ಜಾರಿಕೊಂಡು ಹೋಗಿ ಆಮೇಲೆ ಹಿಡಿದ ಹಾಗೆ ಆಗುತ್ತದೆ. ಶಿಫ್ಟ್ ಕಿಟ್ (ಗೇರ್ ಬೇಗ ಬೀಳಲಿ ಅಂತ ಒಳಗೆ ಹಾಕುವ ಬಿಡಿಭಾಗಗಳ ಕಟ್ಟು) ಹಾಕಿಸು, ಗೇರ್‌ಬಾಕ್ಸ್ ಗಟ್ಟಿಯೂ ಆಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ಹಾಕಿಸಲಾ?

ಉತ್ತರ: ಹಾಕಿಸಬಹುದು. ಅದಕ್ಕೂ ಮೊದಲು ಒಂದು ವಿಷಯ ನೆನಪಿಸಿಕೊಳ್ಳಿ. ಗಾಡಿ ಮೊದಲಿಂದಲೂ ಹೀಗೇ ಇತ್ತಾ, ಈಚೆಗೆ ಶುರುವಾಯಿತಾ? ಮೊದಲಿಂದಲೂ ಇದ್ದರೆ ಅದು ಕಂಪನಿಯವರೇ ಮೆತ್ತಗೆ ಇಟ್ಟ ಶಿಫ್ಟು, ಕಿಟ್‌ನಿಂದ ಖಂಡಿತ ಸುಧಾರಿಸುತ್ತದೆ. ಈಚೆಗೆ ಬಂದಿದ್ದರೆ ಒಳಗೆ ಏನೋ ಸವೆದಿದೆ, ಕಿಟ್ ಹಾಕಿದರೆ ಆ ಸವೆತ ಸ್ವಲ್ಪ ದಿನ ಗೊತ್ತಾಗದ ಹಾಗೆ ಮುಚ್ಚಿಕೊಳ್ಳುತ್ತದೆ ಅಷ್ಟೇ.

ಹಾಗಾಗಿ ಮೊದಲು ಆಯಿಲ್ ಪ್ಯಾನ್ ಬಿಚ್ಚಿಸಿ, ನೀವೇ ಪಕ್ಕದಲ್ಲಿ ನಿಂತು ನೋಡಿ. ತಳದಲ್ಲಿ ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ತೆಳ್ಳಗೆ ಇದ್ದರೆ ಗಾಬರಿ ಬೇಡ, ಎಲ್ಲ ಗೇರ್‌ಬಾಕ್ಸ್‌ನಲ್ಲೂ ಅಷ್ಟು ಇರುತ್ತದೆ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕಿದರೆ, ಇಲ್ಲವೇ ಕೆಂಪಗೆ ಇರಬೇಕಾದ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ, ಕಿಟ್ ಮಾತು ಬಿಡಿ. ಆ ದುಡ್ಡು ರಿಪೇರಿಗೆ ಬೇಕಾಗುತ್ತದೆ.

ಈಗ ಕಿಟ್ ಏನು ಮಾಡುತ್ತದೆ ಅಂತ ಹೇಳ್ತೀನಿ. ಈ ಗೇರ್‌ಬಾಕ್ಸ್‌ನಲ್ಲಿ ಮೊದಲ ಗೇರ್‌ನ ಅನುಪಾತ 3.06, ಎರಡನೆಯದು 1.63. ಅಂದರೆ 3,000 ಆರ್‌ಪಿಎಂನಲ್ಲಿ ಗೇರ್ ಬದಲಾದರೆ ಎಂಜಿನ್ ಸುಮಾರು 1,600ಕ್ಕೆ ಇಳಿಯಬೇಕು. ಇಷ್ಟು ದೊಡ್ಡ ಇಳಿತ ಒಂದೇ ಏಟಿಗೆ ಆದರೆ ಒಳಗೆ ಕೂತವರ ಕುತ್ತಿಗೆ ಹಿಂದಕ್ಕೆ ವಾಲುತ್ತದೆ, ಅದಕ್ಕೇ ಅಕ್ಯುಮುಲೇಟರ್ ಅಂತ ಒಂದು ಪಿಸ್ಟನ್ನು, ಅದಕ್ಕೊಂದು ಸ್ಪ್ರಿಂಗು ಇಟ್ಟಿರುತ್ತಾರೆ. ಎರಡನೇ ಗೇರ್‌ನ ಬ್ಯಾಂಡ್‌ಗೆ (ತಿರುಗುವ ಡ್ರಮ್ಮನ್ನು ಸುತ್ತಿ ಹಿಡಿಯುವ ಪಟ್ಟಿ) ಹೋಗುವ ಆಯಿಲ್‌ನ ಒಂದು ಪಾಲು ಅಲ್ಲಿಗೆ ನುಗ್ಗಿ ಸ್ಪ್ರಿಂಗನ್ನು ಒತ್ತುತ್ತದೆ, ಅಷ್ಟು ಹೊತ್ತು ಬ್ಯಾಂಡ್ ಅರ್ಧಂಬರ್ಧ ಹಿಡಿದು ಉಜ್ಜುತ್ತಿರುತ್ತದೆ. ಖಾಲಿ ಗಾಡಿಗೆ ಇದು ಸುಖ. ಭಾರ ಎಳೆಯುವಾಗ ಅದೇ ಉಜ್ಜಾಟ ಬಿಸಿಯಾಗಿ ತಿರುಗುತ್ತದೆ. ಕಿಟ್‌ನಲ್ಲಿ ಬರುವುದು ಬಿರುಸಾದ ಸ್ಪ್ರಿಂಗುಗಳು, ತೂತು ದೊಡ್ಡದಾಗಿರುವ ಸೆಪರೇಟರ್ ಪ್ಲೇಟ್ (ಆಯಿಲ್ ಹಾದುಹೋಗುವ ತೂತುಗಳಿರುವ ತಗಡು) ಅಥವಾ ಹಳೆಯ ಪ್ಲೇಟ್ ಕೊರೆಯಲು ಡ್ರಿಲ್ ಬಿಟ್, ಕೆಲವು ವಾಲ್ವು. ಎಲ್ಲದರ ಉದ್ದೇಶ ಒಂದೇ, ಆ ಉಜ್ಜುವ ಹೊತ್ತನ್ನು ಕಡಿಮೆ ಮಾಡೋದು.

ಗಟ್ಟಿಯಾಗುತ್ತಾ ಅಂತ ಕೇಳಿದಿರಿ. ಬ್ಯಾಂಡು, ಕ್ಲಚ್ ಪ್ಲೇಟು ಕಮ್ಮಿ ಉಜ್ಜುವುದರಿಂದ ಬಾಳಿಕೆ ಬರಬಹುದು, ನಿಜ. ಆದರೆ ಉಕ್ಕಿನ ಭಾಗ ಯಾವುದೂ ಕಿಟ್‌ನಿಂದ ದಪ್ಪ ಆಗಲ್ಲ, ಬದಲಿಗೆ ಅವುಗಳ ಮೇಲೆ ಬೀಳುವ ಏಟು ಜಾಸ್ತಿಯಾಗುತ್ತದೆ. ಈ ಗೇರ್‌ಬಾಕ್ಸ್‌ನಲ್ಲಿ ಸನ್ ಶೆಲ್ ಅನ್ನೋ ಬಟ್ಟಲಿನಂಥ ಭಾಗ ಇದೆ, ಅದು ಒಡೆದರೆ ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೇ ಹೋಗುತ್ತವೆ. ಅದು ಇದರ ಹಳೆಯ ದೌರ್ಬಲ್ಯ ಅಂತ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ರೇಸ್ ಗಾಡಿ ಥರ ಒದೆಯುವ ಶಿಫ್ಟ್ ಆಸೆಪಟ್ಟರೆ ಮೊದಲು ಗಟ್ಟಿ ಮಾಡಿದ ಶೆಲ್ ಹಾಕಿಸಬೇಕು, ಅದಕ್ಕೆ ಗೇರ್‌ಬಾಕ್ಸೇ ಕೆಳಗಿಳಿಯಬೇಕು.

ನನ್ನನ್ನು ಕೇಳಿದರೆ ಎರಡೇ ಕೆಲಸ ಮಾಡಿಸಿ. ಒಂದು, ಕಾರ್ವೆಟ್ ಸರ್ವೋ, ಅಂದರೆ ಕಾರ್ವೆಟ್ ಕಾರಿನದು, ಬ್ಯಾಂಡನ್ನು ಅದುಮುವ ಭಾಗ. ಅದರ ಪಿಸ್ಟನ್ ಅಗಲ ಜಾಸ್ತಿ, ಅದೇ ಒತ್ತಡದಲ್ಲೇ ಬ್ಯಾಂಡನ್ನು ಹೆಚ್ಚು ಬಲವಾಗಿ ಅದುಮುತ್ತದೆ. ಗೇರ್‌ಬಾಕ್ಸ್‌ನ ಬಲಗಡೆ ದುಂಡು ಮುಚ್ಚಳದ ಹಿಂದೆ ಇದೆ, ವಾಲ್ವ್ ಬಾಡಿ (ಆಯಿಲನ್ನು ಬೇಕಾದ ಕಡೆ ಕಳಿಸುವ ವಾಲ್ವುಗಳಿರುವ ಭಾಗ) ಮುಟ್ಟದೆ ಹಾಕಬಹುದು. ಸೈಲೆನ್ಸರ್ ಪೈಪ್ ಕೈಗೆ ಅಡ್ಡ ಬಂದು ತಾಳ್ಮೆ ಪರೀಕ್ಷೆ ಮಾಡುತ್ತದೆ ಅನ್ನೋದು ಬೇರೆ ಮಾತು. ಇನ್ನೊಂದು, ದೊಡ್ಡ ಆಯಿಲ್ ಕೂಲರ್. ಟ್ರೇಲರ್ ಎಳೆಯುವವರಿಗೆ ಇದು ಕಿಟ್‌ಗಿಂತ ಮುಖ್ಯ ಅಂತಲೇ ನನ್ನ ಲೆಕ್ಕ. ಆಯಿಲ್ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇದ್ದರೆ ಒಳ್ಳೆಯದು, ಅಲ್ಲಿಂದ ಮೇಲೆ ಸುಮಾರು 10 ಡಿಗ್ರಿ ಏರಿದಾಗೆಲ್ಲ ಅದರ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಇಷ್ಟಾದ ಮೇಲೂ ಶಿಫ್ಟ್ ಜಾರಿದ ಹಾಗೆ ಅನ್ನಿಸಿದರೆ ಆಗ ಪ್ಲೇಟ್ ವಿಚಾರ ನೋಡೋಣ. ಒಮ್ಮೆ ಕೊರೆದ ತೂತನ್ನು ಮತ್ತೆ ಚಿಕ್ಕದು ಮಾಡೋಕೆ ಆಗಲ್ಲ, ಅಲ್ವಾ?

ವಾಲ್ವ್ ಬಾಡಿ ಇಳಿಸುವ ದಿನ ಬಂದರೆ ಒಂದು ಎಚ್ಚರ. ಒಳಗೆ ಗೋಲಿಯಂಥ ಚಿಕ್ಕ ಚಿಕ್ಕ ಚೆಕ್ ಬಾಲ್‌ಗಳಿರುತ್ತವೆ. ನಾನು ಮೊದಲ ಸಲ ಬಿಚ್ಚಿದಾಗ ಅವು ಪಟಪಟ ಅಂತ ತಟ್ಟೆಗೆ ಉದುರಿದವು, ಯಾವುದು ಯಾವ ಗುಳಿಯದು ಅಂತ ನಕ್ಷೆ ಹಿಡಿದು ಅರ್ಧ ದಿನ ಕೂತಿದ್ದೆ. ಬಿಚ್ಚುವಾಗಲೇ ಫೋಟೊ ತೆಗೆದುಕೊಳ್ಳಿ. ಜೋಡಿಸುವಾಗ ಗೋಲಿಗಳನ್ನು ವ್ಯಾಸಲೀನ್‌ನಿಂದ ಅಂಟಿಸಿ, ಅದು ಬಿಸಿ ಆಯಿಲ್‌ನಲ್ಲಿ ಕರಗಿ ಹೋಗುತ್ತದೆ. ಚಕ್ರದ ಗ್ರೀಸ್ ಮಾತ್ರ ಬೇಡ.

ಪ್ರಶ್ನೆ: ನನ್ನದು ಹಳೆಯ ಟ್ರಕ್, 700ಆರ್4 ಗೇರ್‌ಬಾಕ್ಸ್. ಇದಕ್ಕೂ ಇದೇ ಉತ್ತರವಾ?

ಉತ್ತರ: ಹೆಚ್ಚು ಕಡಿಮೆ ಇದೇ. 1982ರಲ್ಲಿ ಬಂದ 700ಆರ್4 ಮುಂದೆ 4ಎಲ್60 ಅನ್ನೋ ಹೆಸರು ಪಡೆಯಿತು, ಅದರ ಎಲೆಕ್ಟ್ರಾನಿಕ್ ತಮ್ಮನೇ 4ಎಲ್60ಇ. ನಿಮ್ಮದರಲ್ಲಿ ಕಂಪ್ಯೂಟರ್ ಬದಲು ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಇದೆ. ಹೆಸರು ಕೇಳಿ ನಗಬೇಡಿ, ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅಂತ ಗೇರ್‌ಬಾಕ್ಸ್‌ಗೆ ಹೇಳೋದೇ ಅದು. ಕೇಬಲ್ ಸಡಿಲ ಇದ್ದರೆ ಆಯಿಲ್ ಒತ್ತಡ ಸಾಲದೆ ಕ್ಲಚ್ಚು ಸುಡುತ್ತದೆ, ಎಂಥ ಕಿಟ್ ಹಾಕಿದರೂ ಉಳಿಯಲ್ಲ. ಮೊದಲು ಅದನ್ನು ಸರಿಯಾಗಿ ಸೆಟ್ ಮಾಡಿಸಿ.

ಪ್ರಶ್ನೆ: ಕಿಟ್ ಹಾಕಿಸಿದ ಮೇಲೆ ಪ್ರತಿ ಶಿಫ್ಟ್‌ಗೂ ಕೆಳಗಿನಿಂದ ಟಕ್ ಅನ್ನುತ್ತಿದೆ. ಕಿಟ್ ತೆಗೆಸಲಾ?

ಉತ್ತರ: ಅವಸರ ಬೇಡ. ಗಾಡಿ ಜರುಗದ ಹಾಗೆ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಆಕಡೆ ಈಕಡೆ ತಿರುಗಿಸಿ ನೋಡಿ. ಕ್ರಾಸ್ (ಆ ಶಾಫ್ಟಿನ ತುದಿಯ ಕೀಲು) ಸವೆದಿದ್ದರೆ ಅಲ್ಲೇ ಆಟ ಕಾಣುತ್ತದೆ. ಮೆತ್ತಗಿನ ಶಿಫ್ಟ್‌ನಲ್ಲಿ ಸುಮ್ನೆ ಇದ್ದ ಕ್ರಾಸ್ ಈಗ ಏಟು ಬಿದ್ದು ಕೂಗುತ್ತಿರಬಹುದು.